ಮುಂದಕ್ಕೆ ಹಾಕುವ ಗುಳಿಗೆ

ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬುದನ್ನು ನಾನು ಹುಟ್ಟುವಾಗಲೇ ಕಲಿತು ಬಂದವಳು. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟರೆ ಮೊದಲು ಆ ಸೀಟು ಹಸಿಯಾಗಿದೆಯೇ ಎಂದು ನೋಡುತ್ತೇನೆ. ಇಂಥವಳು ಇಪ್ಪತ್ಮೂರಕ್ಕೆ ಮದುವೆಯಾಗಿ ಬನಹಟ್ಟಿಯ ಮಗ್ಗದ ಮನೆಗೆ ಬಂದೆ. ಜಮಖಂಡಿಯಲ್ಲಿ ನನ್ನ ಬಿ.ಎಡ್. ಇನ್ನೂ ಒಂದು ವರ್ಷ ಬಾಕಿ ಇತ್ತು. ಅದು ಮುಗಿಯುವ ತನಕ ಮಕ್ಕಳು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಬೇಡವೆಂದರೆ ಏನು ಮಾಡಬೇಕು ಎಂಬುದು ಮಾತ್ರ ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಶಾಲೆಯಲ್ಲಿ ಆ ಪಾಠ ಬಂದಾಗ ಟೀಚರ್ ಮನೆಯಲ್ಲೇ ಓದಿಕೊಳ್ಳಿ ಎಂದು ಪುಟ ತಿರುವಿದ್ದರು. ನಾನು ವಿಜ್ಞಾನದ ಪದವೀಧರೆ. ಕಪ್ಪೆಯ ಹೊಟ್ಟೆಯೊಳಗೆ ಏನೇನಿದೆ ಎಂದು ಇವತ್ತಿಗೂ ಹೇಳಬಲ್ಲೆ, ನನ್ನದು ಕೇಳಬೇಡಿ. ಮೊಬೈಲಿನಲ್ಲಿ ಹುಡುಕೋಣವೆಂದರೆ ಮನೆಯ ಟಿವಿಯೂ ಅದೇ ಖಾತೆಗೆ ಅಂಟಿಕೊಂಡಿತ್ತು; ನಾನು ಹುಡುಕಿದ್ದು ಮಾವನ ಭಜನೆಯ ಪಕ್ಕದಲ್ಲಿ ಬಂದು ಕೂತರೆ ಏನು ಗತಿ? ನಮ್ಮ ಮನೆಯವರು ಒಮ್ಮೆ ಧೈರ್ಯ ಮಾಡಿ ಕಾಂಡೋಮ್ ತರಲು ಹೋದರು. ಮೆಡಿಕಲ್ ಅಂಗಡಿಯವರು ದೂರದ ಬೀಗರು. ಕೆಮ್ಮಿನ ಗುಳಿಗೆ ತಂದರು.

ಆಗ ನಾದಿನಿಯ ಕುಬಸ ಬಂತು. ಐದು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಆರತಿ ಮಾಡುವ ಶಾಸ್ತ್ರ. ಬಿ.ಕಾಂ. ಎರಡನೆಯ ವರ್ಷವನ್ನು ಅರ್ಧಕ್ಕೇ ಬಿಟ್ಟಿದ್ದ ಹುಡುಗಿ ಅದು. ನನ್ನ ಮುಟ್ಟಿನ ದಿನವೂ ಅದೇ ಹೊತ್ತಿಗೆ ಬರುವಂತಿತ್ತು, ಮುಟ್ಟಾದವಳು ಆರತಿ ತಟ್ಟೆ ಹಿಡಿಯುವಂತಿಲ್ಲ. ನಮ್ಮಲ್ಲಿ ಇಂಥದಕ್ಕೆ ಯಾರೂ ಶಾಸ್ತ್ರವನ್ನು ಮುಂದೂಡುವುದಿಲ್ಲ, ಮೈಯನ್ನು ಮುಂದೂಡುತ್ತಾರೆ. ಅತ್ತೆ ಮೆಡಿಕಲ್‌ನಿಂದ ಗುಳಿಗೆ ತಂದರು. ಒಂದು ಪಟ್ಟಿ ಸಾಕಾಗುವಲ್ಲಿ ಮೂರು ತಂದಿದ್ದರು.

"ಇರ್ಲಿ ಇಟ್ಕೋ, ಮುಂದ ಬೇಕಾಕ್ಕಾವ," ಎಂದರು. ನನ್ನ ಮುಖ ನೋಡಲಿಲ್ಲ.

ಇನ್ನೂ ಎಷ್ಟು ಶಾಸ್ತ್ರಗಳಿಗೆ ನನ್ನನ್ನು ದುಡಿಸುವ ಯೋಚನೆಯಿದೆಯೋ ಎಂದುಕೊಂಡೆ. ಆದರೆ ಆ ಎರಡು ಪಟ್ಟಿಗಳನ್ನು ನೋಡುತ್ತ ನೋಡುತ್ತ ನನಗೊಂದು ಉಪಾಯ ಹೊಳೆಯಿತು. ಮುಟ್ಟನ್ನೇ ತಡೆಯುವ ಗುಳಿಗೆ ಬಸಿರನ್ನು ತಡೆಯದೆ ಇರುತ್ತದೆಯೇ? ಮನೆಯವರಿಗೆ ಹೇಳಿದೆ. ಇನ್ನು ಕೆಮ್ಮುವುದು ತಪ್ಪಿತೆಂದು ಅವರಿಗೂ ಸಮಾಧಾನವಾಯಿತು. ಕುಬಸ ಮುಗಿದ ಮೇಲೂ ನೆನಪಾದಾಗಲೆಲ್ಲ ಒಂದೊಂದು ನುಂಗಿದೆ.

ಎರಡು ತಿಂಗಳಿಗೆ ಗುಳಿಗೆ ಮುಗಿದವು. ಮುಟ್ಟು ಬರಲಿಲ್ಲ. ಮುಂದಿನ ತಿಂಗಳು ಶಾಲೆಯಲ್ಲಿ ಪಾಠ ಮಾಡುವ ತರಬೇತಿ ಶುರುವಾಗುವುದಿತ್ತು, ಅದು ತಪ್ಪಿದರೆ ವರ್ಷವೇ ತಪ್ಪಿದಂತೆ. ಒಂದು ವಾರ ಕಳೆಯಿತು, ಎರಡು ವಾರವಾಯಿತು. ಯಾರು ಯಾವ ದಿನ ಅಡುಗೆಮನೆಗೆ ಕಾಲಿಡಲಿಲ್ಲ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ನಾನಂತೂ ದಿನಾಲೂ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಕಂಡಿಕೆಗೆ ನೂಲು ಸುತ್ತುತ್ತ ಬೆರಳು ಮಡಚಿ ಏನೋ ಎಣಿಸುತ್ತಿದ್ದರು. ಒಂದು ಬೆಳಿಗ್ಗೆ ನನ್ನ ಕೈಯಿಂದ ತುಂಬಿದ ಕೊಡ ಇಸಿದುಕೊಂಡು ತಾವೇ ಹೊತ್ತರು. ನನಗೆ ಮೈ ಉರಿಯಿತು. ಮೊಮ್ಮಗು ಬೇಕೆಂದು ಗುಳಿಗೆ ಬದಲಿಸಿರಬೇಕು ಎಂದು ಅನುಮಾನಿಸಿದೆ. ಮೆಡಿಕಲ್‌ನ ಬೀಗರು ನಕಲಿ ಮಾಲು ಕೊಟ್ಟಿರಬೇಕು ಎಂದುಕೊಂಡೆ. ಮನೆಯವರೇ ತಾಯಿಯ ಮುಂದೆ ಬಾಯಿ ಬಿಟ್ಟಿರಬಹುದು ಎಂದು ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ.

ಕೊನೆಗೆ ಕಾಲೇಜಿಗೆಂದು ಹೊರಟು ಜಮಖಂಡಿಯ ಒಂದು ಆಸ್ಪತ್ರೆಗೆ ಹೋದೆ. ಖಾಲಿ ಪಟ್ಟಿಯನ್ನು ನರ್ಸಮ್ಮನ ಮುಂದಿಟ್ಟು, ಇದು ಅಸಲಿಯೋ ನಕಲಿಯೋ ಎಂದು ಕೇಳಿದೆ. ಅವರು ತಿರುಗಿಸಿ ನೋಡಿದರು.

"ಗುಳಿಗಿ ಖರೆ ಐತೆವಾ. ನೀ ತಿಳ್ಕೊಂಡಿದ್ದ ಸುಳ್ಳ. ಇದು ಮುಟ್ಟ ಮುಂದಕ್ಕ ಹಾಕತೈತಿ, ಬಸಿರ ತಡಿಯಂಗಿಲ್ಲ."

ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲೇ ಅಂಡ ಹೊರಬರುತ್ತದೆ, ಬಸಿರಾಗುವುದು ಆ ಸುಮಾರಿನ ದಿನಗಳಲ್ಲಿ. ಮುಟ್ಟು ಹತ್ತಿರ ಬಂದಾಗ ಇದನ್ನು ನುಂಗಿದರೆ ಆಗುವುದು ಆಗಿಯೇ ಹೋಗಿರುತ್ತದೆ ಎಂದು ವಿವರಿಸಿದರು. ನೆನಪಾದಾಗ ನುಂಗಿದ್ದರಿಂದ ಮುಟ್ಟೂ ದಿಕ್ಕು ತಪ್ಪಿರಬಹುದಂತೆ. ಬಸಿರು ತಡೆಯುವ ಗುಳಿಗೆಯೇ ಬೇರೆ, ಅದನ್ನು ದಿನಾಲೂ ತಪ್ಪದೆ ತೆಗೆದುಕೊಳ್ಳಬೇಕು. ಕಾಂಡೋಮ್, ಕಾಪರ್-ಟಿ, ಅವಘಡವಾದರೆ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ನುಂಗುವ ತುರ್ತು ಗುಳಿಗೆ, ಎಲ್ಲವನ್ನೂ ಅವರು ತರಕಾರಿಯ ಹೆಸರು ಹೇಳಿದಷ್ಟೇ ಸಲೀಸಾಗಿ ಹೇಳಿದರು. ಮೂತ್ರ ಪರೀಕ್ಷೆಯಲ್ಲಿ ಒಂದೇ ಗೆರೆ ಬಂತು, ಬಸಿರಿಲ್ಲ ಎಂದರ್ಥ. ಅಷ್ಟಕ್ಕೇ ಬಿಡದೆ ವಾರದ ಮೇಲೆ ಮತ್ತೊಮ್ಮೆ ಬಾ ಎಂದರು. ಎಲ್ಲರನ್ನೂ ಅನುಮಾನಿಸಿದ ನಾನು ನನ್ನ ತಿಳಿವಳಿಕೆಯೊಂದನ್ನು ಅನುಮಾನಿಸಿರಲಿಲ್ಲ. ನಾಚಿಕೆಯಾಯಿತು.

ಐದನೆಯ ದಿನ ಮುಟ್ಟಾಯಿತು. ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಸಂಜೆ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ನಾನು ಹೊರಗಾಗಿದ್ದೇನೆ, ಅಡುಗೆಮನೆಗೆ ಬರುವುದಿಲ್ಲ ಎಂದು ಅತ್ತೆಗೆ ಹೇಳಿದೆ. ಮುಖ ಬಾಡಿದರೆ ಜಗಳಕ್ಕೆ ತಯಾರಾಗಿಯೇ ನಿಂತಿದ್ದೆ. ಅವರು ಉಸ್ಸೆಂದು ಕೂತು ದೇವರಿಗೆ ಕೈಮುಗಿದರು. ನನಗೆ ಅರ್ಥವಾಗಲಿಲ್ಲ.

"ನಿನ್ನ ಪರೀಕ್ಷಿ ಮುಗೀಲಿ ಅಂತ ಆ ಗುಳಿಗಿ ಜಾಸ್ತಿ ತಂದಿದ್ನಿ. ಬಾಯಿ ಬಿಟ್ಟ ಹೇಳಾಕ ನಾಚಿಕಿ."

ನರ್ಸಮ್ಮ ಹೇಳಿದ್ದನ್ನು ಅವರಿಗೆ ಹೇಳಿದೆ. ಕೇಳುತ್ತ ಕೇಳುತ್ತ ಅತ್ತೆಯ ಕೈಯಲ್ಲಿದ್ದ ಕಂಡಿಕೆ ಮಡಿಲಿಗೆ ಬಿತ್ತು. ಒಳಗಿನ ಕೋಣೆಯಲ್ಲಿ, ಹೆರಿಗೆಗೆಂದು ಬಂದಿದ್ದ ನಾದಿನಿ ಮಲಗಿದ್ದಳು. ಅತ್ತೆ ಆ ಬಾಗಿಲನ್ನೇ ನೋಡುತ್ತಿದ್ದರು.

"ಅಕಿಗೂ ಇವನ್ನ ಕೊಟ್ಟಿದ್ನಿ. 'ಒಂದ ದಿನ ಮರತ ಬಿಟ್ನೆವಾ, ನಂದ ತಪ್ಪ' ಅಂತ ಇನ್ನೂ ಅಳತಾಳ."

ಅವಳಿಗೆ ನಾನೇ ಹೇಳಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದರು. ತಾವೇ ಎದ್ದು ಒಳಗೆ ಹೋಗಿ ಮಗಳನ್ನು ಎಬ್ಬಿಸಿದರು.