ಬ್ರೇಕ್ ತುಳಿದಾಗಲೆಲ್ಲ ಏರಿದ ಮುಳ್ಳು

ತಕ್ಕಡಿ ಸಾಹೇಬರು ಮೂವತ್ತೊಂದು ವರ್ಷ ಅಂಗಡಿಯಿಂದ ಅಂಗಡಿಗೆ ತಿರುಗಿ ತೂಕ, ಅಳತೆ ಪರೀಕ್ಷಿಸಿದವರು. ತಟ್ಟೆಯ ತಳಕ್ಕೆ ಅಂಟಿಸಿದ ಮೇಣ, ಒಳಗೆ ಕೊರೆದು ಟೊಳ್ಳು ಮಾಡಿದ ತೂಕದ ಬಟ್ಟು, ಒಂದು ಬೆರಳಷ್ಟು ಕತ್ತರಿಸಿದ ಅಳತೆಕೋಲು, ಎಲ್ಲವನ್ನೂ ಹಿಡಿದಿದ್ದರು. ಕೆಲಸದಿಂದ ನಿವೃತ್ತರಾದರೂ ಅವರ ಅನುಮಾನಕ್ಕೆ ನಿವೃತ್ತಿ ಸಿಗಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಅಂಗೈಯಲ್ಲಿ ಎರಡು ಸಲ ತೂಗಿ ನೋಡದೆ ಅಡುಗೆಮನೆಗೆ ಬಿಡುತ್ತಿರಲಿಲ್ಲ.

ಅಂಥವರ ಹದಿನಾರು ವರ್ಷ ಹಳೆಯ ಕಾರಿಗೆ ಒಂದು ಬೇಸಿಗೆಯಲ್ಲಿ ವಿಚಿತ್ರ ಕಾಯಿಲೆ ಹತ್ತಿತು. ಖಾಲಿ ರಸ್ತೆಯಲ್ಲಿ ಹೋಗುವಾಗ ಬಿಸಿ ತೋರಿಸುವ ಮುಳ್ಳು ಮಧ್ಯದಲ್ಲಿ ತೆಪ್ಪಗಿರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಕೆಂಪು ಗೆರೆಯ ಕಡೆಗೆ ಏರುತ್ತಿತ್ತು. ಮೊದಲ ದಿನ ಸಾಹೇಬರು ಕಾರನ್ನು ಪಕ್ಕಕ್ಕೆ ಹಾಕಿ, ಎಂಜಿನ್ ನಿಲ್ಲಿಸದೆ ಬಾನೆಟ್ ಎತ್ತಿದರು. ರೇಡಿಯೇಟರ್ ಹಿಂದಿನ ಫ್ಯಾನು ಅಲ್ಲಾಡದೆ ನಿಂತಿತ್ತು.

ಹತ್ತಿರದ ಗ್ಯಾರೇಜಿನ ಮೆಕ್ಯಾನಿಕ್ ಮಾತು ಕಡಿಮೆಯ ಮನುಷ್ಯ. ನೀರು ನೋಡಿದ, ನೀರಿನ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್ ಹಳೆಯದಾಗಿದೆಯೆಂದು ಬದಲಿಸಿದ. "ಫ್ಯಾನು ಚೆನ್ನಾಗೇ ಇದೆ ಸಾರ್" ಅಂದ.

ಮರುದಿನವೂ ಸಿಗ್ನಲ್ಲಿನಲ್ಲಿ ಮುಳ್ಳು ಏರಿತು.

"ಚೆನ್ನಾಗಿರೋ ಫ್ಯಾನು ತಿರುಗಲ್ವಾ?" ಎಂದು ಸಾಹೇಬರು ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದರು. "ನಾನು ಇಂಥವರನ್ನ ಎಷ್ಟು ಜನ ನೋಡಿಲ್ಲ!"

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ತಾವೇ ಕೈ ಹಾಕಿದರು. ಬ್ಯಾಟರಿಯಿಂದ ಫ್ಯಾನಿಗೆ ನೇರವಾಗಿ ವೈರು ಕೊಟ್ಟರು. ಫ್ಯಾನು ಬುರ್ರೆಂದು ತಿರುಗಿತು. ಫ್ಯೂಸು ಸರಿಯಿತ್ತು. ಫ್ಯಾನಿಗೆ ಕರೆಂಟು ಬಿಡುವ ರಿಲೇ ಕಿತ್ತು ಹಾರ್ನಿನ ರಿಲೇ ಜಾಗಕ್ಕೆ ಹಾಕಿದರೆ ಹಾರ್ನು ಬೀದಿಗೆಲ್ಲ ಕೇಳುವಂತೆ ಕೂಗಿತು. ಎಲ್ಲವೂ ಸರಿಯಿದೆ, ಆದರೂ ತಿರುಗುವುದಿಲ್ಲವೆಂದರೆ? ಸಾಹೇಬರಿಗೆ ಒಂದೇ ಉತ್ತರ ಹೊಳೆಯಿತು: ಗ್ಯಾರೇಜಿಗೆ ಮತ್ತೆ ಮತ್ತೆ ಬರಲಿ ಅಂತ ಆ ಮೆಕ್ಯಾನಿಕ್ಕೇ ಏನೋ ಕೈಚಳಕ ಮಾಡಿದ್ದಾನೆ. ನಾಳೆ ಫ್ಯಾನಿನ ಒಳ್ಳೆಯ ಮೋಟರನ್ನೇ ಎಗರಿಸಿಬಿಟ್ಟರೆ? ಅರದಿಂದ ಅದರ ಮೇಲೆ ಗುರುತಿಗೆಂದು ಗುಟ್ಟಾಗಿ ಮೂರು ಗೀರು ಎಳೆದರು. ಆಮೇಲೆ ಪಕ್ಕದ ಮನೆಯ ಟೈಲರಿಗೂ ಎದುರುಮನೆಯ ನಿವೃತ್ತ ಕಂಪೌಂಡರಿಗೂ, "ಆ ಗ್ಯಾರೇಜಿನ ಹತ್ರ ಸುಳೀಬೇಡಿ" ಎಂದು ಕಿವಿಮಾತು ಹೇಳಿಬಂದರು.

ಅವರ ಹೆಂಡತಿ ವಾಚನಾಲಯದಲ್ಲಿ ಕೆಲಸ ಮಾಡುತ್ತಿದ್ದರು. ವಾರಕ್ಕೆರಡು ದಿನ ಕಾರು ಅವರ ಕೈಯಲ್ಲಿ. ಅಂಥ ಒಂದು ದಿನ ಮನೆಗೆ ಬಂದವರೇ, "ನಾನು ಓಡಿಸಿದ್ರೆ ಮುಳ್ಳು ಏರೋದೇ ಇಲ್ಲ ಕಣ್ರೀ" ಅಂದರು.

ಸಾಹೇಬರು ಹೆಂಡತಿಯ ಮುಖವನ್ನೇ ದಿಟ್ಟಿಸಿದರು. "ಸಿಗ್ನಲ್ ಇಲ್ದಿರೋ ದಾರೀಲಿ ಹೋಗಿರ್ತೀಯ."

"ನಾಲ್ಕು ಸಿಗ್ನಲ್ ದಾಟಿದೀನಿ."

ಸಾಹೇಬರು ಹೊರಗೆ ಹೋಗಿ ಕಾರಿನ ಕಿಲೋಮೀಟರು ಓದಿಕೊಂಡು ಬಂದರು. ಲೆಕ್ಕ ಸರಿಹೋಯಿತು. ಆದರೂ ಸಮಾಧಾನವಾಗಲಿಲ್ಲ. ಬಾಗಿಲಲ್ಲೇ ನಿಂತಿದ್ದ ಹೆಂಡತಿ, "ಇನ್ನು ನನ್ನನ್ನೂ ತಕ್ಕಡೀಲಿ ಕೂರಿಸಿ" ಎಂದು ಒಳಗೆ ಹೋದರು.

ಮರುದಿನ ಗ್ಯಾರೇಜಿನಲ್ಲಿ ಜಗಳಕ್ಕೆ ನಿಂತ ಸಾಹೇಬರ ಮಾತನ್ನು ಮೆಕ್ಯಾನಿಕ್ ಪೂರ್ತಿ ಕೇಳಿಸಿಕೊಂಡ. ಎಂಜಿನಿನಿಂದ ನೀರು ಹೊರಬರುವ ಕಡೆ ಒಂದು ತುಂಡು ಕಪ್ಪು ಟೇಪು ಅಂಟಿಸಿ, ಪಿಸ್ತೂಲಿನಂಥ ಬಿಸಿ ಅಳೆಯುವ ಉಪಕರಣವನ್ನು ಅದರತ್ತ ಹಿಡಿದ. ಸಾಹೇಬರನ್ನು ಒಳಗೆ ಕೂರಿಸಿ ಬ್ರೇಕು, ಗೇರು ಎಲ್ಲ ಆಡಿಸಲು ಹೇಳಿದ. ಮುಳ್ಳು ಕೆಂಪಿನ ಹತ್ತಿರ ಹೋದಾಗಲೂ ಉಪಕರಣ ತೋರಿಸಿದ್ದು ಎಂಬತ್ತೆಂಟು ಡಿಗ್ರಿ.

"ಎಂಜಿನ್ ಅಷ್ಟು ಬಿಸೀನೇ ಆಗಿಲ್ಲ ಸಾರ್. ಅದಕ್ಕೇ ಫ್ಯಾನು ತಿರುಗ್ತಿಲ್ಲ."

"ಟೇಪು ಯಾಕೆ?"

"ಹೊಳೆಯೋ ಲೋಹದ ಮೇಲೆ ಇದು ತಪ್ಪು ತೋರಿಸತ್ತೆ."

"ಓಹೋ. ಇದಕ್ಕೆ ಪರೀಕ್ಷೆಯ ಮುದ್ರೆ ಬಿದ್ದಿದೆಯಾ?"

ಮೆಕ್ಯಾನಿಕ್ ಉಪಕರಣವನ್ನು ಅವರ ಕೈಗೇ ಕೊಟ್ಟ. "ಮನೆಗೆ ತಗೊಂಡೋಗಿ ನೋಡ್ಕೊಳ್ಳಿ."

ಅದನ್ನು ಅವರು ನಿರೀಕ್ಷಿಸಿರಲಿಲ್ಲ. ಮನೆಗೆ ಹೋಗಿ ಪಾತ್ರೆಯಲ್ಲಿ ನೀರು ಕುದಿಸಿ ಹಿಡಿದರು: ತೊಂಬತ್ತೇಳು. ಮತ್ತೆ ಹಿಡಿದರು: ತೊಂಬತ್ತೇಳೇ. ಇಷ್ಟು ವ್ಯತ್ಯಾಸಕ್ಕೆ ತಮ್ಮ ಕಾಲದಲ್ಲಿ ಯಾರಿಗೂ ನೋಟೀಸು ಕೊಟ್ಟದ್ದಿಲ್ಲ. ಉಪಕರಣ ಸುಳ್ಳಲ್ಲವಾದರೆ, ಹೆಂಡತಿ ಹೇಳಿದ್ದೂ ಸುಳ್ಳಲ್ಲವೇನೋ ಅನ್ನಿಸಿತು.

ವಾಚನಾಲಯದ ದಿನ, "ನಾನೂ ಬರ್ತೀನಿ" ಎಂದು ಹೆಂಡತಿಯ ಪಕ್ಕದ ಸೀಟಿನಲ್ಲಿ ಕುಳಿತರು. ಮೊದಲ ಸಿಗ್ನಲ್ಲು. ಕಾರು ನಿಂತಿದ್ದರೂ ಮುಳ್ಳು ಏರಲಿಲ್ಲ. ಎರಡನೆಯದರಲ್ಲೂ ಇಲ್ಲ. ಸಾಹೇಬರು ಮುಳ್ಳನ್ನು ಬಿಟ್ಟು ಹೆಂಡತಿಯ ಕೈಕಾಲು ಗಮನಿಸತೊಡಗಿದರು. ಆಕೆ ಕಾರು ನಿಂತ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆದು, ಪೆಡಲಿನಿಂದ ಕಾಲು ತೆಗೆದುಬಿಡುತ್ತಿದ್ದರು.

"ಬ್ರೇಕ್ ತುಳಿ."

"ನಿಂತೇ ಇದೆಯಲ್ರೀ."

"ತುಳಿಯೇ ಒಂದ್ಸಲ."

ತುಳಿದರು. ಮುಳ್ಳು ಏರಿತು. ಬಿಟ್ಟರು, ಇಳಿಯಿತು. ಬ್ರೇಕ್ ತುಳಿದರೆ ಹಿಂದಿನ ಲೈಟು ಹೊತ್ತುತ್ತದಲ್ಲ ಎಂದು ಸಾಹೇಬರು ಕೈಚಾಚಿ ಹಗಲಲ್ಲೇ ಹೆಡ್‌ಲೈಟ್ ಹಾಕಿದರು. ಮುಳ್ಳು ಇನ್ನೂ ಮೇಲಕ್ಕೆ ಹೋಯಿತು. ಅಷ್ಟು ದೊಡ್ಡ ಎಂಜಿನ್ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಕಾದು ಆರುವುದು ಸಾಧ್ಯವೇ ಇಲ್ಲ. ಸುಳ್ಳು ಹೇಳುತ್ತಿದ್ದದ್ದು ಮೀಟರು. ಊರಿನವರ ಮಾಪಕಗಳನ್ನೆಲ್ಲ ಅನುಮಾನಿಸಿದ ತಾವು ಕಣ್ಣೆದುರಿನ ಇದೊಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದರು. ಹಿಂದಿನವರು ಹಾರ್ನು ಬಾರಿಸತೊಡಗಿದರು. ಹೆಂಡತಿ ನಗು ತಡೆದುಕೊಂಡು ಗೇರು ಹಾಕಿದರು.

ವಿಷಯ ಕೇಳಿದ ಮೆಕ್ಯಾನಿಕ್ ನೇರವಾಗಿ ಕಾರಿನ ಕೆಳಗೆ ತೂರಿದ. ಎಂಜಿನನ್ನೂ ಕಾರಿನ ಬಾಡಿಯನ್ನೂ ಜೋಡಿಸುವ ಅರ್ತ್ ಪಟ್ಟಿ ಹಸಿರು ಕಿಲುಬು ಹಿಡಿದು ಎಳೆಎಳೆಯಾಗಿತ್ತು. ಲೈಟು ಹೊತ್ತಿದಾಗಲೆಲ್ಲ ಕರೆಂಟಿಗೆ ವಾಪಸು ಹೋಗಲು ಸರಿಯಾದ ದಾರಿಯಿಲ್ಲದೆ ಮೀಟರು ಎಡವುತ್ತಿತ್ತು. ಹೊಸ ಪಟ್ಟಿ ಬಿಗಿದ. ಬ್ರೇಕು ತುಳಿದರೂ ಮುಳ್ಳು ಅಲುಗಲಿಲ್ಲ. ಆಮೇಲೆ ಎಂಜಿನ್ ಓಡುತ್ತಲೇ ಬಿಟ್ಟರು. ಸುಮಾರು ಕಾಲು ಗಂಟೆಯಾದ ಮೇಲೆ ಉಪಕರಣ ತೊಂಬತ್ತಾರು ತೋರಿಸುತ್ತಿದ್ದಂತೆ ಫ್ಯಾನು ತಾನಾಗಿಯೇ ತಿರುಗಿ, ಸ್ವಲ್ಪ ತಣ್ಣಗಾದ ಮೇಲೆ ನಿಂತಿತು.

"ಮೋಟರ್ ನಿಮ್ದೇ ಸಾರ್" ಎಂದ ಮೆಕ್ಯಾನಿಕ್, ಕೈ ಒರೆಸಿಕೊಳ್ಳುತ್ತ. "ಮೂರು ಗೀರು ಹಾಗೇ ಇದಾವೆ."

ಸಾಹೇಬರ ಮುಖ ಸಪ್ಪಗಾಯಿತು. "ನೋಡಿದ್ಯಾ?"

"ಮೊನ್ನೆ ಟೇಪ್ ಅಂಟಿಸೋವಾಗ್ಲೇ ನೋಡ್ದೆ."

"ಮತ್ತೆ ಒಂದ್ಮಾತು ಕೇಳಲಿಲ್ಲವಲ್ಲಪ್ಪ."

"ಕೇಳಿದ್ರೆ ನಿಮಗೆ ಬೇಜಾರಾಗೋದು."

ಅನುಮಾನಿಸಿದ್ದಕ್ಕೆ ಕ್ಷಮೆ ಕೇಳಿ ಸಾಹೇಬರಿಗೆ ಅಭ್ಯಾಸವಿರಲಿಲ್ಲ. ಆದರೆ ಕೈ ಮುಗಿದರು. "ನಿನ್ನ ಬಗ್ಗೆ ಎರಡು ಮನೇಲಿ ಕೆಟ್ಟ ಮಾತಾಡಿದೀನಿ. ನಾನೇ ಹೋಗಿ ಸರಿಮಾಡ್ತೀನಿ" ಅಂದರು. ಟೈಲರು ತನ್ನ ಸ್ಕೂಟರನ್ನು ಆಗಲೇ ಬೇರೆ ಕಡೆ ರಿಪೇರಿಗೆ ಕೊಟ್ಟಿದ್ದ ಸಂಗತಿ ಮೆಕ್ಯಾನಿಕ್‌ಗೆ ಗೊತ್ತಿತ್ತು. ಅವನು ತಲೆಯಾಡಿಸಿದ.

ಆ ಸಂಜೆಯೇ ಸಾಹೇಬರು ಹೊರಟರು. ಟೈಲರು ನಕ್ಕು ಒಪ್ಪಿಕೊಂಡ. ಕಂಪೌಂಡರು ಮಾತ್ರ ಕನ್ನಡಕ ಸರಿಸಿ, ಅರ್ತ್ ಪಟ್ಟಿಯ ಕಥೆಯನ್ನೆಲ್ಲ ಕೇಳಿ, ಬಾಗಿಲನ್ನು ಅರ್ಧ ಮುಚ್ಚಿದರು.

"ಮೊನ್ನೆ ಕಳ್ಳ ಅಂದ್ರಿ, ಇವತ್ತು ಬಂಗಾರ ಅಂತೀರಿ. ಏನ್ಸಾರ್, ಅವನು ನಿಮಗೆ ನೆಂಟನಾಗ್ಬೇಕಾ?"

ಸಾಹೇಬರು ಮೆಟ್ಟಿಲ ಮೇಲೇ ಕುಳಿತು, ಮೊದಲ ಸಿಗ್ನಲ್ಲಿನಿಂದ ಮತ್ತೊಮ್ಮೆ ನಿಧಾನವಾಗಿ ಹೇಳತೊಡಗಿದರು.