ಜಪಾನ್ ಮೇಡಂ

ಕಳೆದ ವಾರ ಗಿರಾಕಿಯೊಬ್ಬರು ಕ್ಯೋಟೋದಿಂದ ತಂದ ಸಿಹಿತಿಂಡಿಯ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಮುಚ್ಚಳ ತೆಗೆದದ್ದೇ ದಾಲ್ಚಿನ್ನಿಯ ವಾಸನೆ ಮೂಗಿಗೆ ಬಡಿಯಿತು. ಅದರ ಜೊತೆಗೇ ಎಷ್ಟೋ ವರ್ಷ ಹಿಂದಿನ ಹೊಟ್ಟೆಕಿಚ್ಚೂ ಎದ್ದು ಕೂತಿತು…

ಆಗ ನಾನು ದುಬೈಯ ನೈಫ್ ಬಡಾವಣೆಯ ಒಂದು ಟ್ರಾವೆಲ್ ಆಫೀಸಿನಲ್ಲಿದ್ದೆ. ಪಕ್ಕದ ಮೇಜಿನವಳು ಭಟ್ಕಳದವಳು, ನನಗಿಂತ ಎರಡು ವರ್ಷ ತಡವಾಗಿ ಸೇರಿದ್ದಳು. ಗಿರಾಕಿಗಳಿಗೆ ವಿವರಿಸಲು ಬೇಕೆಂದು, ಜಪಾನ್ ನೋಡಿ ಬರಲು ಆಫೀಸಿನಿಂದ ಒಬ್ಬರನ್ನು ಕಳಿಸುತ್ತಾರೆಂದು ಗೊತ್ತಾದಾಗ, ಅದು ನಾನೇ ಎಂದುಕೊಂಡು ಹೊಸ ಸೂಟ್‌ಕೇಸ್ ಕೂಡ ಕೊಂಡಿದ್ದೆ. ಮ್ಯಾನೇಜರು ಅವಳ ಹೆಸರು ಹೇಳಿದರು.

ಹತ್ತು ದಿನದ ಬಳಿಕ ಅವಳು ಇಂಥದೇ ಡಬ್ಬಿ ಹಿಡಿದು ಬಂದಳು. ಎಲ್ಲರೂ ಮುತ್ತಿಕೊಂಡರು. ಹಲ್ಲುನೋವೆಂದು ಹೇಳಿ ನಾನು ಒಂದು ಚೂರನ್ನೂ ಮುಟ್ಟಲಿಲ್ಲ. ಪ್ರವಾಸಿಗರು ಯಾವ ಊರಲ್ಲಿ ಏನು ತಿನ್ನಬೇಕು, ಏನು ಕುಡಿಯಬೇಕು ಎಂದು ಅವಳು ಪಟ್ಟಿ ಮಾಡಿದ್ದಳು. ಉಜಿಯ ಹಸಿರು ಚಹಾ, ಹಿರೋಶಿಮಾದ ಎಲೆಯಾಕಾರದ ಕೇಕು, ರೈಲು ನಿಲ್ದಾಣಗಳಲ್ಲಿ ಸಿಗುವ ಬುತ್ತಿ, ಟಕಾಮತ್ಸುವಿನ ದಪ್ಪ ಶ್ಯಾವಿಗೆ. ತಾನು ಮುಟ್ಟದ ನೀಗಾಟಾದ ಅಕ್ಕಿ ಮದ್ಯದ ರುಚಿಯನ್ನೂ ಜೊತೆಗಿದ್ದವರಿಂದ ಕೇಳಿ ಬರೆದಿದ್ದಳು. ಯಾರು ಯಾವುದನ್ನು ತಿನ್ನಬಾರದು ಎಂಬ ಟಿಪ್ಪಣಿ ಕೆಳಗೆ ಸಣ್ಣಕ್ಷರದಲ್ಲಿ. ಗಿರಾಕಿಗಳು "ಜಪಾನ್ ಮೇಡಂ ಇಲ್ವಾ?" ಎಂದು ಕೇಳಿಕೊಂಡು ನನ್ನನ್ನು ದಾಟಿ ಅವಳ ಮೇಜಿಗೆ ಹೋಗತೊಡಗಿದರು.

ಒಮ್ಮೆ ಅವಳು ರಜೆಯಲ್ಲಿದ್ದಾಗ ಅಬುಧಾಬಿಯಿಂದ ಒಂದು ಕುಟುಂಬ ಬಂತು, ಅಪ್ಪಟ ಸಸ್ಯಾಹಾರಿಗಳು. ನಾನು ಅವಳ ಪಟ್ಟಿಯನ್ನೇ ತೆರೆದು, ಅವಳ ಹೆಸರಿದ್ದಲ್ಲಿ ನನ್ನ ಹೆಸರು ಹಾಕಿದೆ. ಒಂದೇ ಪುಟದಲ್ಲಿ ಚೆಂದ ಕಾಣಲೆಂದು ಟಿಪ್ಪಣಿಗಳನ್ನು ಅಳಿಸಿದೆ. ಅವರಿಗೆ ಬಹಳ ಹಿಡಿಸಿತು. ಮ್ಯಾನೇಜರು ಎಲ್ಲರೆದುರು ಹೊಗಳಿದರು.

ಮರುದಿನ ಅವಳು ಪ್ರಿಂಟರಿನಲ್ಲಿ ಉಳಿದಿದ್ದ ಪ್ರತಿಯನ್ನು ಹಿಡಿದು ನನ್ನ ಬಳಿ ಬಂದಳು.

"ಆ ಶ್ಯಾವಿಗೆಯ ಸಾರಿಗೆ ಒಣಮೀನು ಹಾಕ್ತಾರೆ ಮಾರಾಯ್ತಿ. ಪಾಪ, ಅವರು ಗೊತ್ತಿಲ್ಲದೆ ತಿಂದ್ರೆ?"

ಅವಳೇ ಆ ಕುಟುಂಬಕ್ಕೆ ಫೋನ್ ಮಾಡಿ ತನ್ನ ಹರುಕುಮುರುಕು ಹಿಂದಿಯಲ್ಲಿ, ಸಾರು ಬೇಡ, ಬರೀ ಸೋಯಾ ಸಾಸ್ ಹಾಕಿಸಿಕೊಳ್ಳಿ, ನಿಮ್ಮ ಮೇಡಂ ಹೇಳಲು ಹೇಳಿದ್ದಾರೆ ಎಂದು ನನ್ನ ಹೆಸರಲ್ಲೇ ತಿಳಿಸಿದಳು. "ಖಲಾಸ್" ಎಂದು ನಕ್ಕು ತನ್ನ ಜಾಗಕ್ಕೆ ಹೋದಳು. ಬೈದಿದ್ದರೆ ಹಗುರವಾಗುತ್ತಿತ್ತು. ಅಷ್ಟು ದೊಡ್ಡ ಮನಸ್ಸೂ ಅವಳಿಗೇ ಇರಬೇಕೇ ಎಂದು ನಾನು ಇನ್ನಷ್ಟು ಉರಿದೆ.

ಮುಂದಿನ ವರ್ಷ ಅವಳ ಗಂಡನ ಕೆಲಸ ಹೋಗಿ ಅವರೆಲ್ಲ ಊರಿಗೆ ಹೊರಟರು. ಬೀಳ್ಕೊಡುವ ದಿನ ನಾನು ಬೇಕೆಂದೇ ರಜೆ ಹಾಕಿದೆ. ಅವಳ ಮೇಜು ನನ್ನದಾಯಿತು. ನಾನೂ ಜಪಾನಿಗೆ ಹೋಗಿ ಬಂದೆ. ಟಕಾಮತ್ಸುವಿನಲ್ಲಿ ಸೋಯಾ ಸಾಸ್ ಹಾಕಿದ ಬರೀ ಶ್ಯಾವಿಗೆ ತಿನ್ನುತ್ತಾ ಅವಳಿಗೊಂದು ಮೆಸೇಜ್ ಬರೆದೆ… ಕಳಿಸಲಿಲ್ಲ.

ಕಳೆದ ವಾರ ಸಂಜೆ, ಕೊನೆಗೂ, ಅವಳ ಊರಿನ ನಂಬರಿಗೆ ಫೋನ್ ಮಾಡಿದೆ. ಮಗಳು ಎತ್ತಿದಳು. ಅವಳ ಅಮ್ಮ ತೀರಿಹೋಗಿ ಮೂರು ವರ್ಷವಾಯಿತಂತೆ. ನಾನು ಯಾರೆಂದು ಹೇಳಿದೆ.

"ಓ, ಆಂಟಿ ನೀವಾ! ಗಿರಾಕಿಗಳ ಹತ್ರ ನೀವು ಪಟಪಟ ಹಿಂದಿ, ಇಂಗ್ಲಿಷ್ ಮಾತಾಡೋದು ನೋಡಿ ಮಮ್ಮಿಗೆ ಭಾರೀ ಹೊಟ್ಟೆಕಿಚ್ಚಾಗ್ತಿತ್ತಂತೆ. ನಗಾಡಿಕೊಂಡು ಹೇಳ್ತಿದ್ರು."

ನನ್ನದನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. "ನಿನ್ನ ಮಮ್ಮಿ ತುಂಬಾ ಒಳ್ಳೆಯವರು" ಎಂದಷ್ಟೇ ಹೊರಬಂತು. ಅವಳ ಬಗ್ಗೆ ನಾನು ಆಡಿದ ಮೊದಲ ಒಳ್ಳೆಯ ಮಾತು ಅದು. ಕೇಳಲು ಅವಳಿರಲಿಲ್ಲ.