ಸರೋಜಿನಿ ಮೇಡಂ ಮತ್ತು ಹಂದಿಯ ಹೊಟ್ಟೆಯ ಅನಾಮಿಕ

ಫ್ರೀಜರ್ ಕೆಟ್ಟುಹೋಗಬಹುದಿತ್ತು. ಕೊರಿಯರಿನವನು ನಮ್ಮ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು ಚಹಾ ಕುಡಿಯಲು ಹೋಗಬಹುದಿತ್ತು. ಯಾವುದೋ ದೇಶದ ಯಾರೋ ನಮಗಿಂತ ಮೊದಲೇ ಅದಕ್ಕೆ ಹೆಸರಿಟ್ಟುಬಿಡಬಹುದಿತ್ತು. ಎಲ್ಲಕ್ಕಿಂತ ಮರ್ಯಾದೆಗೇಡೆಂದರೆ, ಅದು ಹಂದಿಯ ಹೊಟ್ಟೆಯ ಬ್ಯಾಕ್ಟೀರಿಯಾವೇ ಅಲ್ಲ, ನನ್ನ ಬೆರಳಿನಿಂದ ಉದುರಿದ್ದು ಎಂದು ಸಾಬೀತಾಗಬಹುದಿತ್ತು. ಸರೋಜಿನಿ ಮೇಡಂ ನಿವೃತ್ತರಾಗುವುದರೊಳಗೆ ಅದಕ್ಕೊಂದು ಹೆಸರು ಸಿಗಬೇಕಿತ್ತು. ಅವರ ಕುರ್ಚಿಗೆ ಬರುವವರಿಗೆ ಹಂದಿಯಲ್ಲಿ ಆಸಕ್ತಿ ಇರಲಿಲ್ಲ. ಕೊಟ್ಟಾರದ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ನನ್ನ ಹುದ್ದೆ ಸಹಾಯಕನದು, ಕೆಲಸ ಗಾಬರಿ.

ಮೇಡಂಗೆ ಗಾಬರಿ ಗೊತ್ತಿರಲಿಲ್ಲ. ಬ್ಯಾಕ್ಟೀರಿಯಾ ಬೆಳೆದ ತಟ್ಟೆಯನ್ನು ಗಾಳಿಯಾಡದ ಪೆಟ್ಟಿಗೆಯ ಗಾಜಿನಾಚೆಯಿಂದ ನೋಡುತ್ತಾ, ಮದುವೆಮನೆಯಲ್ಲಿ ಅಪರಿಚಿತ ಹುಡುಗನನ್ನು ಹಿಡಿದು ನಿಲ್ಲಿಸಿದ ಅಜ್ಜಿಯಂತೆ ತುಳುವಿನಲ್ಲೇ ವಿಚಾರಿಸುತ್ತಿದ್ದರು: "ಇಲ್ಲ್ ಓಲು? ಬರಿ ಒವು?" ಮನೆ ಎಲ್ಲಿ, ಬಳಿ, ಅಂದರೆ ಕುಲ, ಯಾವುದು. ನಮ್ಮಲ್ಲಿ ಇವೆರಡು ತಿಳಿದ ಮೇಲೆಯೇ ಹೆಸರು ಕೇಳುವುದು. ವರ್ಗೀಕರಣವನ್ನೂ ಅವರು ನನಗೆ ಹಾಗೆಯೇ ಕಲಿಸಿದರು. ಏನು ತಿನ್ನುತ್ತದೆ, ಎಷ್ಟು ಬಿಸಿಯಲ್ಲಿ ಬೆಳೆಯುತ್ತದೆ, ಹತ್ತಿರದ ಸಂಬಂಧಿಕರು ಯಾರು; ಹೆಸರು ಕೊನೆಗೆ.

ಇದು ಮಾತ್ರ ಯಾರ ಬಳಿಗೂ ಸೇರಲಿಲ್ಲ. ಜೀನೋಮ್ ಹೋಲಿಸಿ ನೋಡುವ ನಸೀಮಾ ಕಂಪ್ಯೂಟರಿನಿಂದ ತಲೆಯೆತ್ತಿ, "ಮೇಡಂ, ಇದರ ಹತ್ತಿರದ ನೆಂಟರೂ ದೂರವೇ. ಇದು ಬೇರೆಯೇ ಉಂಟು," ಎಂದಳು.

ಮೇಡಂ ಅವಳ ಪರದೆಯನ್ನು ತಾವೂ ಓದಿದರು. ಆಮೇಲೆ ನನ್ನತ್ತ ತಿರುಗಿದರು. "ಮನುಷ್ಯ ಹಂದಿ ಸಾಕ್ಲಿಕ್ಕೆ ಸುರು ಮಾಡುವ ಮೊದಲೇ ಇದು ಅದರ ಹೊಟ್ಟೆಯಲ್ಲಿ ಸಂಸಾರ ಹೂಡಿರ್ಬೇಕು ಮಾರಾಯ. ಇಷ್ಟು ಕಾಲ ಯಾರೂ ಇದನ್ನು ಕರೀಲಿಲ್ಲ, ನೋಡು."

ನನಗೆ ಮೈ ಜುಮ್ಮೆಂದಿತು. ಜ್ವರವಿರಬಹುದೆಂದು ಹಣೆ ಮುಟ್ಟಿ ನೋಡಿಕೊಂಡೆ.

"ನಿಮ್ಮ ಹೆಸರೇ ಇಡುವ ಮೇಡಂ," ಎಂದೆ.

"ಹೊಟ್ಟೆ ಹಂದಿಯದ್ದು, ಹೆಸರು ನನ್ನದ್ದು ಎಂತಕ್ಕೆ? ನಾವೇ ಕಂಡುಹಿಡಿದದ್ದಕ್ಕೆ ನಮ್ಮದೇ ಹೆಸರಿಡುವುದು ನಾಚಿಕೆಗೇಡು."

"ಹಂದಿಗೆ ಒಪ್ಪಿಗೆ ಉಂಟಾ?" ನಸೀಮಾ ಕಿಚಾಯಿಸಿದಳು.

"ನೀನೇ ಹೋಗಿ ಕೇಳಿ ಬಾ."

ಕೊನೆಗೆ ಲ್ಯಾಟಿನ್ನಿನಲ್ಲಿ 'ಹಂದಿಯದು' ಎಂಬರ್ಥದ ಹೆಸರೇ ನಿಶ್ಚಯವಾಯಿತು. ಆದರೆ ಹೆಸರು ಊರ್ಜಿತವಾಗಬೇಕಾದರೆ ಎರಡು ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಲ್ಲಿ ಆ ಬ್ಯಾಕ್ಟೀರಿಯಾ ಜೀವಂತವಾಗಿ ಬೆಳೆದು ತೋರಿಸಬೇಕು. ಕಳುಹಿಸಿದೆವು. ಮಳೆಗಾಲವಿಡೀ ಕಾದೆವು.

ಮೇಡಂ ಅವರ ಕೆಲಸದ ಕೊನೆಯ ದಿನ ಮಧ್ಯಾಹ್ನ ಸುದ್ದಿ ಬಂತು: ಎರಡೂ ಕಡೆ ಬೆಳೆದಿದೆ, ಹೆಸರು ಒಪ್ಪಿಗೆಯಾಗಿದೆ. ಅವರು ನೇರ ಹೋಗಿ ಗಾಳಿಯಾಡದ ಪೆಟ್ಟಿಗೆಯಿಂದ ತಟ್ಟೆಯನ್ನು ಹೊರತೆಗೆದು ಮುಚ್ಚಳ ಎತ್ತಿಬಿಟ್ಟರು. ಆಮ್ಲಜನಕ ತಗುಲಿದರೆ ಸಾಯುವ ಜೀವ ಅದು.

"ಮೇಡಂ, ಗಾಳಿ!" ಎಂದು ಕಿರುಚಿದೆ.

"ಫ್ರೀಜರಿನಲ್ಲಿ ಬೇರೆ ಉಂಟಲ್ಲ ಮಾರಾಯ. ಒಮ್ಮೆ ಅದರ ಮುಖ ನೋಡುವ."

ಅಕ್ಕಿನುಚ್ಚಿಗಿಂತ ಸಣ್ಣ, ಮುತ್ತಿನ ಬಣ್ಣದ ಚುಕ್ಕೆಗಳು. ಮೇಡಂ ಬಗ್ಗಿ, ಪೂರ್ತಿ ಹೆಸರು ಹಿಡಿದು ಮೆಲ್ಲಗೆ ಕರೆದರು. ನಾನೂ ನಸೀಮಾಳೂ ಉಸಿರು ಬಿಗಿಹಿಡಿದು ನಿಂತೆವು. ಸಂಜೆ ಅವರು ಮಣ್ಣಗುಡ್ಡದ ಮನೆಗೆ ಹೋದರು. ಮತ್ತೆಂದೂ ಆ ಕೋಣೆಗೆ ಬರಲಿಲ್ಲ.

ಮರುದಿನ ಆ ತಟ್ಟೆಯ ಚುಕ್ಕೆಯೊಂದನ್ನು ಹೊಸ ತಟ್ಟೆಗೆ ಗೆರೆಯಾಗಿ ಸವರಿ, ಬೆಳೆಯಲೆಂದು ಕಾದೆ. ಏನೂ ಬೆಳೆಯಲಿಲ್ಲ. ನನ್ನ ಇಷ್ಟೆಲ್ಲ ಗಾಬರಿಯ ನಡುವೆ ಕೆಟ್ಟದ್ದು ಆ ಒಂದು ತಟ್ಟೆ.